ಗುಲ್ಮಾರ್ಗ್‌ಗೆ ಎರಡು ಜೋಡಿ ಹೋಗುವುದಾದರೆ

ನಿಮಗಿಬ್ಬರಿಗೂ ಸ್ಕೀಯಿಂಗ್ ಬರುತ್ತೆ, ಸ್ನೇಹಿತ ದಂಪತಿ ಹಿಮವನ್ನೇ ನೋಡಿಲ್ಲ, ಫೆಬ್ರವರಿಯಲ್ಲಿ ಗುಲ್ಮಾರ್ಗ್‌ಗೆ ಜೊತೆಯಾಗಿ ಹೋದರೆ ಹೊಂದುತ್ತಾ ಅಂತ ಕೇಳಿದ್ದೀರಿ. ಖಂಡಿತ ಹೋಗಿ. ಆದರೆ ಬೆಳಗಿನ ಹೊತ್ತು ಬೇರೆ ಬೇರೆ ಇರಿ. ಅವರು ಕೆಳಗಿನ ಇಳಿಜಾರಿನಲ್ಲೇ ತರಬೇತುದಾರರ ಹತ್ತಿರ ಕಲಿಯಲಿ. ಗೊಂಡೋಲಾದ, ಅಂದರೆ ಅಲ್ಲಿನ ಕೇಬಲ್ ಕಾರಿನ, ಎರಡನೇ ಹಂತ ಅಫರ್ವಾತ್ ಶಿಖರದ ಕಡೆಗೆ, 3,900 ಮೀಟರ್‌ಗೂ ಮೇಲೆ ಹೋಗುತ್ತೆ. ಅಲ್ಲಿಂದ ಸ್ಕೀಯಲ್ಲಿ ಇಳಿಯುವುದು ಹೊಸಬರ ಕೆಲಸವಲ್ಲ. ಹಿಮಕುಸಿತದ ಭಯವಿದೆ, ನಿಮಗೂ ಗೈಡ್ ಬೇಕೇ ಬೇಕು. ನಾನೊಮ್ಮೆ ಗೆಳತಿಯನ್ನು ಬಲವಂತ ಮಾಡಿ ಮೇಲಕ್ಕೆ ಕರೆದೊಯ್ದಿದ್ದೆ. ಕೈ ಮರಗಟ್ಟಿ, ಬೂಟಿನ ಬಕಲ್ ಹಾಕಲಾಗದೆ ಅತ್ತೇಬಿಟ್ಟಳು. ಇವತ್ತಿಗೂ ನನಗೆ ಸಂಕಟವಾಗುತ್ತೆ. ಗಾಳಿ ಜೋರಾದರೆ ಮೇಲಿನ ಹಂತ ನಿಲ್ಲಿಸುತ್ತಾರೆ, ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ದುಡ್ಡಿನ ಮಾತು ಟಿಕೆಟ್ ಮಾಡಿಸುವ ಮೊದಲೇ ಆಗಲಿ: ಊಟ, ಟ್ಯಾಕ್ಸಿ ಸಮಪಾಲು, ಸ್ಕೀ ಬಾಡಿಗೆ ಅವರವರದ್ದು.