ಎಲ್ಲರ ಕೈಯಲ್ಲೂ ಚೀಲ, ಅವಳ ಕೈಯಲ್ಲಿ ಒಂದು ಶಾಲು

ಪ್ರಶ್ನೆ: ನಾವು ಏಳು ಜನ ಗೆಳತಿಯರು, ಕಾಲೇಜಿನಿಂದಲೂ ಜೊತೆಗಿದ್ದೇವೆ. ಹೋದ ವರ್ಷ ಒಬ್ಬಳ ಮನೆಯಲ್ಲಿ ಬಟ್ಟೆ ಅದಲು ಬದಲು ಪಾರ್ಟಿ ಮಾಡಿದೆವು. ಬೀರುವಿನಲ್ಲಿ ಸುಮ್ನೆ ಬಿದ್ದಿರುವ ಬಟ್ಟೆ ತರುವುದು, ಬೇರೆಯವರು ತಂದದ್ದರಲ್ಲಿ ಇಷ್ಟವಾದದ್ದನ್ನು ಒಯ್ಯುವುದು. ಆರು ಜನಕ್ಕೆ ಖುಷಿಯೋ ಖುಷಿ. ಏಳನೆಯವಳು ನಮ್ಮೆಲ್ಲರಿಗಿಂತ ದಪ್ಪ. ಒಂದು ನೀಲಿ ಕೋಟು ಹಾಕಿ ನೋಡಿದಳು, ತೋಳು ಮೊಣಕೈ ದಾಟಲಿಲ್ಲ. ನಗುತ್ತಲೇ ಬಿಚ್ಚಿ, ಕಾಲರ್ ಸರಿಮಾಡಿ ಹ್ಯಾಂಗರಿಗೆ ಹಾಕಿದಳು. ಕೊನೆಗೆ ಒಂದು ಶಾಲು ತೆಗೆದುಕೊಂಡು ಹೋದಳು. ಈ ಸಲ ನಮ್ಮ ಮನೆಯಲ್ಲಿ ಮಾಡಬೇಕು. ‘ಅವಳನ್ನ ಕರೀಬೇಡ, ಅವಳಿಗೇ ಮುಜುಗರ’ ಅಂತ ಇಬ್ಬರು ಹೇಳುತ್ತಿದ್ದಾರೆ. ಏನು ಮಾಡಲಿ? ಇನ್ನೊಂದು, ಹೇಳಲು ನಾಚಿಕೆ. ಎರಡೇ ಸಲ ಹಾಕಿದ್ದ ಜಾಕೆಟ್ ಕೊಟ್ಟು ನಾನು ಬಣ್ಣ ಹೋದ ಟೀ ಶರ್ಟ್ ತಂದೆ. ಆ ಹೊಟ್ಟೆಯುರಿ ಇನ್ನೂ ಆರಿಲ್ಲ.
– ಹೆಸರು, ಊರು ಬೇಡ

ಉತ್ತರ: ಅವಳು ಕಾಲರ್ ಸರಿಮಾಡಿದ್ದು ನಿಮ್ಮ ಕಣ್ಣಿಗೆ ಬಿತ್ತಲ್ಲ, ಉಳಿದ ಐವರಿಗೆ ಅದು ಕಂಡಿರಲಿಕ್ಕಿಲ್ಲ. ಅವರವರ ಚೀಲ ತುಂಬಿಸುವ ಗಡಿಬಿಡಿ ಅವರಿಗೆ. ಹಾಗಾಗಿ ಈ ಸಲ ಪಾರ್ಟಿ ನಿಮ್ಮ ಮನೆಯಲ್ಲಿ ಆಗುತ್ತಿರುವುದೇ ಒಳ್ಳೆಯದು.

ಕರೆಯದೇ ಇರಬೇಡಿ. ‘ಅವಳಿಗೇ ಮುಜುಗರ’ ಎನ್ನುವವರಿಗೆ ನಿಜವಾಗಿ ಮುಜುಗರ ಆಗುತ್ತಿರುವುದು ತಮಗೇ. ಅವಳು ಬರಿಗೈಲಿ ನಿಂತಿದ್ದರೆ ಇವರಿಗೆ ಆರಾಮಾಗಿ ಆರಿಸಿಕೊಳ್ಳಲು ಆಗುವುದಿಲ್ಲ, ಅಷ್ಟೆ. ಅಲ್ಲದೆ ಏಳು ಜನರ ಗುಂಪಿನಲ್ಲಿ ಒಬ್ಬಳನ್ನು ಬಿಟ್ಟ ಸುದ್ದಿ ಎಷ್ಟು ದಿನ ಮುಚ್ಚಿಡುತ್ತೀರಿ? ಯಾರೋ ಒಂದು ಫೋಟೋ ಹಾಕುತ್ತಾರೆ, ಮುಗಿಯಿತು. ಕೋಟು ಹಿಡಿಸಲಿಲ್ಲ ಎಂಬುದನ್ನು ಅವಳು ಮರೆತಾಳು. ಇದನ್ನು ಮರೆಯುವುದಿಲ್ಲ.

ದಿನ ಗೊತ್ತುಮಾಡುವ ಮೊದಲೇ ಅವಳಿಗೆ ಫೋನ್ ಮಾಡಿ. ಗ್ರೂಪಿನಲ್ಲಿ ಕೇಳಬೇಡಿ. ಸುತ್ತಿ ಬಳಸುವುದೂ ಬೇಡ: ‘ಹೋದ ಸಲ ನಿಂಗೆ ಏನೂ ಸಿಗಲಿಲ್ಲ ಕಣೇ, ನಂಗೆ ಬೇಜಾರಾಯ್ತು. ಈ ಸಲ ನಮ್ಮನೇಲಿ ಮಾಡ್ತಿದೀನಿ. ಹೇಗೆ ಮಾಡಿದ್ರೆ ಚೆನ್ನಾಗಿರುತ್ತೆ, ನೀನೇ ಹೇಳು.’ ಇಷ್ಟು ಹೇಳಿ ಸುಮ್ಮನಾಗಿ. ದಪ್ಪ, ತೆಳ್ಳಗೆ, ಡಯಟ್ ಯಾವುದೂ ಬಾಯಿಗೆ ಬರಬಾರದು. ಅವಳು ಬರಲ್ಲ ಅಂದರೆ ಒಂದೇ ಸಲಕ್ಕೆ ಒಪ್ಪಿಕೊಳ್ಳಿ. ಮೂರು ಸಲ ಒತ್ತಾಯ ಮಾಡಿದರೆ ಅದು ಪ್ರೀತಿ ಅನ್ನಿಸುವುದಿಲ್ಲ, ಕನಿಕರ ಅನ್ನಿಸುತ್ತದೆ. ಬರುತ್ತೇನೆ ಅಂದರೆ ದಯವಿಟ್ಟು ಫೋಟೋ ತೆಗೆಯುವ ಕೆಲಸ, ಬಟ್ಟೆ ಮಡಿಸುವ ಕೆಲಸ ಅವಳಿಗೆ ಕೊಡಬೇಡಿ. ಹಾಗೆ ಮಾಡಿದರೆ ಒಳಗೆ ಸೇರಿಸಿಕೊಂಡಂತೆ ಅಂತ ನಾವು ಅಂದುಕೊಂಡಿರುತ್ತೇವೆ. ಆಟಕ್ಕಿಲ್ಲದವರನ್ನು ಅಂಕ ಬರೆಯಲು ಕೂರಿಸಿದ ಹಾಗೆ ಅದು.

ಹೋದ ಸಲ ತಪ್ಪಿದ್ದು ಅವಳ ಮೈಯಲ್ಲಿ ಅಲ್ಲ, ನಿಮ್ಮ ಲೆಕ್ಕದಲ್ಲಿ. ಏಳೇ ಜನ ಸೇರಿದರೆ ಯಾರಾದರೊಬ್ಬರು ಅಳತೆಯಲ್ಲಿ ಒಂಟಿಯಾಗುತ್ತಾರೆ. ತುಂಬಾ ಎತ್ತರದವಳೋ, ತುಂಬಾ ಸಣ್ಣಗಿರುವವಳೋ ಆಗಿದ್ದರೂ ಇದೇ ಗತಿ. ಆದ್ದರಿಂದ ಪ್ರತಿಯೊಬ್ಬರಿಗೂ ಇನ್ನೊಬ್ಬರನ್ನು ಕರೆತರಲು ಹೇಳಿ. ಹದಿನಾಲ್ಕು ಜನರಾದರೆ ಒಬ್ಬೊಬ್ಬರ ಅಳತೆಗೂ ಇನ್ನೊಬ್ಬರು ಸಿಗುವ ಸಾಧ್ಯತೆ ಜಾಸ್ತಿ. ಅವಳೂ ತನಗೆ ಬೇಕಾದವರನ್ನು ಕರೆತರಲಿ. ‘ನಿನ್ನ ಸೈಜಿನವರನ್ನ ಹುಡುಕಿದ್ದೀನಿ’ ಅಂತ ಮಾತ್ರ ಹೇಳಬೇಡಿ, ಪುಣ್ಯ ಬರುತ್ತೆ.

ಬಟ್ಟೆ ಜೋಡಿಸುವಾಗ ಅಳತೆ ಪ್ರಕಾರ ಗುಂಪು ಮಾಡಬೇಡಿ. ನೋಡಲು ಅಚ್ಚುಕಟ್ಟು, ನಿಜ. ಆದರೆ ಒಬ್ಬಳು ಎಲ್ಲರೆದುರು ಕೊನೆಯ ಗುಂಪಿನ ಹತ್ತಿರ ಹೋಗಿ ನಿಲ್ಲಬೇಕಾಗುತ್ತದೆ. ಅಂಗಿಗಳು ಒಂದು ಕಡೆ, ಪ್ಯಾಂಟುಗಳು ಒಂದು ಕಡೆ, ಸ್ವೆಟರು ಕೋಟುಗಳು ಇನ್ನೊಂದು ಕಡೆ ಇರಲಿ. ಹೇಗೂ ಆ ಲೇಬಲ್ಲುಗಳನ್ನು ನಂಬುವ ಹಾಗಿಲ್ಲ. ಒಂದು ಕಂಪನಿಯ ಎಂ ಇನ್ನೊಂದು ಕಂಪನಿಯ ಎಲ್ ಆಗಿರುತ್ತದೆ. ನನ್ನ ಬೀರುವಿನಲ್ಲೇ ಮೂರು ಅಳತೆಯ ಬಟ್ಟೆಗಳಿವೆ, ಮೂರೂ ನನಗೆ ಸರಿಯಾಗಿ ಕೂರುತ್ತವೆ. ಒಂದು ದೊಡ್ಡ ಮೇಜಿನ ತುಂಬ ಬ್ಯಾಗು, ಬೆಲ್ಟು, ಶಾಲು, ಕಿವಿಯೋಲೆ, ವಾಚು ಇಡಿಸಿ. ಎಲ್ಲರೂ ಆ ಮೇಜಿಗೆ ಮುಗಿಬಿದ್ದಾಗ ಶಾಲು ಒಯ್ಯುವುದು ಸಮಾಧಾನದ ಬಹುಮಾನ ಆಗುವುದಿಲ್ಲ.

ಹಾಕಿ ನೋಡಲು ಬಾಗಿಲು ಮುಚ್ಚುವ ಒಂದು ಕೋಣೆ ಬೇಕು. ಕನ್ನಡಿ ಆ ಕೋಣೆಯ ಒಳಗೇ ಇರಲಿ. ಕನ್ನಡಿಯನ್ನು ಹಾಲ್‌ನಲ್ಲಿಟ್ಟರೆ ‘ಹೊರಗೆ ಬಾರೇ, ನೋಡೋಣ’ ಶುರುವಾಗುತ್ತದೆ. ಚೆನ್ನಾಗಿ ಕೂತವರಿಗೆ ಚಪ್ಪಾಳೆ, ಕೂರದವರಿಗೆ ಮೌನ. ಆ ನೀಲಿ ಕೋಟು ಮುಚ್ಚಿದ ಬಾಗಿಲ ಹಿಂದೆ ಹಿಡಿಸದೇ ಹೋಗಿದ್ದರೆ ನಿಮ್ಮ ಈ ಪತ್ರವೇ ಇರುತ್ತಿರಲಿಲ್ಲವೇನೋ.

ಇನ್ನು ಜಾಕೆಟ್ಟು. ನಾಚಿಕೆ ಯಾಕೆ? ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನಮನ್, ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಮತ್ತು ಅವರ ಸಂಗಡಿಗರೊಬ್ಬರು 1990ರಲ್ಲಿ ಒಂದು ಪ್ರಯೋಗದ ವಿವರ ಪ್ರಕಟಿಸಿದರು. ಒಂದಷ್ಟು ಜನರ ಕೈಗೆ ಕಾಫಿ ಮಗ್ ಕೊಟ್ಟು, ಇದನ್ನು ಎಷ್ಟಕ್ಕೆ ಮಾರುತ್ತೀರಿ ಅಂತ ಕೇಳಿದರು. ಮಗ್ ಸಿಗದವರನ್ನು, ಎಷ್ಟಕ್ಕೆ ಕೊಳ್ಳುತ್ತೀರಿ ಅಂತ ಕೇಳಿದರು. ಕೊಳ್ಳುವವರು ಹೇಳಿದ್ದರ ಸುಮಾರು ಎರಡು ಪಟ್ಟು ಬೆಲೆ ಮಗ್ ಇದ್ದವರು ಹೇಳಿದರು. ಅದು ಅವರದ್ದಾಗಿ ಇನ್ನೂ ಕೆಲವು ನಿಮಿಷ ಮಾತ್ರ ಆಗಿತ್ತು! ನಿಮ್ಮ ಜಾಕೆಟ್ ಬೀರುವಿನಲ್ಲಿ ಎಷ್ಟು ತಿಂಗಳಿತ್ತೋ. ಒಬ್ಬೊಬ್ಬರಿಗೂ ತಾನು ತಂದದ್ದೇ ಹೆಚ್ಚು, ಒಯ್ದದ್ದೇ ಕಡಿಮೆ. ನಿಮ್ಮ ಟೀ ಶರ್ಟ್ ಕೊಟ್ಟವಳೂ ಹಾಗೇ ಅಂದುಕೊಂಡಿರಬಹುದು. (ಬಣ್ಣ ಹೋದದ್ದನ್ನು ಅವಳು ಪಾರ್ಟಿಗೆ ತಂದದ್ದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ.)

ಪಾಯಿಂಟ್ ಲೆಕ್ಕ ಇಡೋಣವೇ ಅಂತ ನಿಮಗೆ ಅನ್ನಿಸಬಹುದು. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ತಾಯಂದಿರು ಹಾಗೆ ಮಾಡಿದ್ದರು. ಅಲ್ಲಿ 1941ರ ಜೂನ್‌ನಿಂದ 1949ರವರೆಗೆ ಬಟ್ಟೆಗೆ ರೇಷನ್ ಇತ್ತು. ಬೆಳೆಯುವ ಮಕ್ಕಳಿಗೆ ರೇಷನ್ ಕಾಯುವ ತಾಳ್ಮೆ ಎಲ್ಲಿಂದ ಬರಬೇಕು? ವಿಮೆನ್ಸ್ ವಾಲಂಟರಿ ಸರ್ವಿಸ್ ಎಂಬ ಮಹಿಳೆಯರ ಸಂಸ್ಥೆ ವಿನಿಮಯ ಕೇಂದ್ರಗಳನ್ನು ನಡೆಸಿತು. ಚಿಕ್ಕದಾದ ಬಟ್ಟೆ ಕೊಟ್ಟರೆ ಪಾಯಿಂಟ್, ಆ ಪಾಯಿಂಟಿಗೆ ದೊಡ್ಡ ಅಳತೆಯ ಬಟ್ಟೆ. ಅಲ್ಲಿ ಅಳೆದು ತೂಗಿದ್ದು ಸಂಸ್ಥೆಯವರು. ನಿಮ್ಮ ಮನೆಯಲ್ಲಿ ಅದನ್ನು ನೀವೇ ಮಾಡಬೇಕು. ಗೆಳತಿ ತಂದ ಅಂಗಿ ನೋಡಿ ‘ಇದಕ್ಕೆ ಎರಡೇ ಪಾಯಿಂಟ್’ ಅನ್ನಬಲ್ಲಿರಾ? ನನ್ನಿಂದಂತೂ ಆಗದು.

ಹಾಗಾಗಿ ಐದು ತಂದವರು ಐದು ಒಯ್ಯಲಿ. ಒಂದೇ ಬಟ್ಟೆಗೆ ಇಬ್ಬರು ಕೈಹಾಕಿದರೆ ಚೀಟಿ ಎತ್ತಿ. ಹಳೇ ಚಿಂದಿ ಬಾರದಂತೆ ಕರೆಯುವಾಗಲೇ ಒಂದು ಮಾತು ಸೇರಿಸಿ: ‘ಒಗೆದದ್ದು, ಗುಂಡಿ ಇರುವುದು, ಇದು ನನ್ನದಾಗಿತ್ತು ಅಂತ ಹೇಳಲು ನಾಚಿಕೆಯಾಗದ ಬಟ್ಟೆ ತನ್ನಿ.’ ತರುವ ಮೊದಲು ಕಿಟಕಿಯ ಬೆಳಕಿಗೆ ಹಿಡಿದು ಕಂಕುಳು, ಮೊಣಕಾಲಿನ ಭಾಗ ನೋಡಿಕೊಳ್ಳಲಿ. ಜೇಬೂ ತಡಕಲಿ. ಉಳಿದದ್ದನ್ನು ಯಾರು ಒಯ್ಯುತ್ತಾರೆ ಅಂತ ಮೊದಲೇ ಗೊತ್ತಾಗಿರಬೇಕು. ಇಲ್ಲದಿದ್ದರೆ ನಿಮ್ಮ ಸೋಫಾದ ಮೇಲೆ ತಿಂಗಳುಗಟ್ಟಲೆ ಒಂದು ಗುಡ್ಡ ಇರುತ್ತದೆ.

ನೀವೇನು ಕೊಡಬೇಕು ಅಂತ ಕೇಳಿದರೆ, ಬಾಗಿಲು ದಾಟಿದ ಮೇಲೆ ನೆನಪಾಗದ ಬಟ್ಟೆಯನ್ನು ಮಾತ್ರ. ನಾನೊಮ್ಮೆ ಹೀಗೇ ಒಂದು ಹಸಿರು ಸ್ವೆಟರ್ ಕೊಟ್ಟು, ಎರಡು ವಾರಕ್ಕೆ ಫೋನ್ ಮಾಡಿ ‘ಒಂದಿನದ ಮಟ್ಟಿಗೆ ಕೊಡ್ತೀಯಾ?’ ಅಂತ ಕೇಳಿದ್ದೆ. ಕೊಟ್ಟಳು. ಆದರೆ ಈಗಲೂ ಮನೆಗೆ ಬಂದಾಗ ನನ್ನ ಸ್ವೆಟರ್ ನೋಡಿ ‘ಇದು ಯಾರದ್ದು?’ ಅಂತ ಕೇಳುತ್ತಾಳೆ.

ನಿಮ್ಮ ಜಾಕೆಟ್ ಪಡೆದವಳು ಅದನ್ನೇ ಹಾಕಿಕೊಂಡು ಪಾರ್ಟಿಗೆ ಬರಬಹುದು. ‘ಚೆನ್ನಾಗಿ ಕಾಣ್ತಿದೆ’ ಅಂತ ಒಂದು ಮಾತು ಹೇಳಿ. ಅದು ಯಾರದ್ದಾಗಿತ್ತು ಅಂತ ಬೇಕಾದರೆ ಅವಳೇ ಹೇಳುತ್ತಾಳೆ.