ಕ್ಲೌಡ್ ಚೇಂಬರ್‌ನಲ್ಲಿ ಕಾಣುವುದು ಏನು?

ಪ್ರಶ್ನೆ: ಆಲ್ಫಾ ಕಣವನ್ನು ಯಾವ ಮೈಕ್ರೋಸ್ಕೋಪಿನಲ್ಲೂ ನೋಡಲಾಗದು ಎನ್ನುತ್ತಾರೆ. ಆದರೆ ಪುಸ್ತಕದಲ್ಲಿ ಅದು ಹೋದ ದಾರಿಯ ಫೋಟೊ ಇದೆ. ಇದು ಹೇಗೆ ಸಾಧ್ಯ ಸಾರ್? ಕಾಲೇಜಿನಲ್ಲಿ ನಾವೂ ನೋಡಬಹುದಾ?
– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಸಾಗರ

ಉತ್ತರ: ಆಲ್ಫಾ ಅಂದರೆ ವಿಕಿರಣ ವಸ್ತುವಿನಿಂದ ಹೊರಬರುವ ಹೀಲಿಯಂ ನ್ಯೂಕ್ಲಿಯಸ್. ಫೋಟೊದಲ್ಲಿರುವುದು ಆ ಕಣ ಅಲ್ಲಮ್ಮ, ಕಣ ಹಾದುಹೋದ ದಾರಿಯಲ್ಲಿ ಕಟ್ಟಿದ ಹನಿಗಳ ಸಾಲು.

ಆ ಹನಿ ಕಟ್ಟಿಸುವ ಉಪಕರಣವೇ ಕ್ಲೌಡ್ ಚೇಂಬರ್. ಅದನ್ನು ಮಾಡಿದ ವಿಜ್ಞಾನಿ ಸಿ.ಟಿ.ಆರ್. ವಿಲ್ಸನ್ ಹೊರಟಿದ್ದು ಮೋಡದ ಬೆನ್ನು ಹತ್ತಿ. 1894ರ ಸೆಪ್ಟೆಂಬರ್‌ನಲ್ಲಿ ಸ್ಕಾಟ್ಲೆಂಡಿನ ಬೆನ್ ನೆವಿಸ್ ಬೆಟ್ಟದ ಮೇಲಿನ ಹವಾಮಾನ ಕೇಂದ್ರದಲ್ಲಿದ್ದಾಗ, ಮೋಡದ ಮೇಲೆ ಬಿಸಿಲು ಬಿದ್ದು ಮೂಡುವ ಬಣ್ಣದ ಉಂಗುರಗಳನ್ನು ನೋಡಿದರು. ಅವನ್ನು ಗಾಜಿನ ಪಾತ್ರೆಯೊಳಗೇ ಮೂಡಿಸಬೇಕು ಅನ್ನಿಸಿತು. ಮರುವರ್ಷ ಕೇಂಬ್ರಿಜ್‌ನ ಕ್ಯಾವೆಂಡಿಶ್ ಪ್ರಯೋಗಾಲಯದಲ್ಲಿ ಕೆಲಸ ಶುರು ಮಾಡಿದರು.

ತೇವ ತುಂಬಿದ ಗಾಳಿಯನ್ನು ತಟ್ಟನೆ ಹಿಗ್ಗಲು ಬಿಟ್ಟರೆ ಅದು ತಣ್ಣಗಾಗಿ, ಅದರಲ್ಲಿನ ತೇವ ಹನಿಯಾಗಲು ಹವಣಿಸುತ್ತದೆ. ತಣ್ಣನೆಯ ಸೋಡಾ ಬಾಟಲಿ ತೆರೆದಾಗ ಅದರ ಬಾಯಲ್ಲಿ ಮಂಜು ಕಾಣುತ್ತದಲ್ವಾ, ಅದೂ ಹೀಗೇ. ಸಾಮಾನ್ಯವಾಗಿ ಹನಿ ಕಟ್ಟಲು ದೂಳು ಬೇಕು. ಆದರೆ ದೂಳನ್ನೆಲ್ಲ ತೆಗೆದ ಮೇಲೂ, ಗಾಳಿ ಕಾಲು ಪಾಲು ಹಿಗ್ಗಿದಾಗ ಒಂದಿಷ್ಟು ಹನಿ ಬೀಳುತ್ತಿತ್ತು. 1896ರಲ್ಲಿ ವಿಲ್ಸನ್ ಆ ಗಾಳಿಗೆ ಎಕ್ಸ್-ಕಿರಣ ಹಾಯಿಸಿದರು. ದಟ್ಟ ಮಂಜು ಕವಿಯಿತು! ಕಿರಣ ಗಾಳಿಯಲ್ಲಿ ಅಯಾನುಗಳನ್ನು, ಅಂದರೆ ವಿದ್ಯುದಾವೇಶವಿರುವ ಕಣಗಳನ್ನು ಉಂಟುಮಾಡಿತ್ತು, ಹನಿ ಕಟ್ಟಿದ್ದು ಅವುಗಳ ಮೇಲೆ. 1911ರಲ್ಲಿ ಒಂದೊಂದೇ ಕಣದ ಜಾಡೂ ಫೋಟೊಗೆ ಸಿಕ್ಕಿತು.

ಆಲ್ಫಾದ ಜಾಡು ದಪ್ಪ, ನೇರ, ಕೆಲವೇ ಸೆಂಟಿಮೀಟರ್ ಉದ್ದ. ಬೀಟಾ (ವೇಗದ ಎಲೆಕ್ಟ್ರಾನ್) ಜಾಡು ತೆಳು, ಸೊಟ್ಟಪಟ್ಟ. ಗಾಮಾ ಕಿರಣಕ್ಕೆ ತನ್ನದೇ ಜಾಡಿಲ್ಲ, ಅದು ಹೊಡೆದು ಹಾರಿಸಿದ ಎಲೆಕ್ಟ್ರಾನ್‌ಗಳ ಜಾಡು ಮಾತ್ರ ಕಾಣುತ್ತದೆ.

ನನಗೆ ಇಡೀ ಕಥೆಯಲ್ಲಿ ತುಂಬಾ ಪ್ರೀತಿಯ ಭಾಗ ಮುಂದಿನದು. ಪಾಠ ಮಾಡುವಾಗ ಗಂಟೆ ಹೊಡೆದರೂ ಇದನ್ನು ಮುಗಿಸಿಯೇ ಹೊರಡುತ್ತಿದ್ದೆ. ಆಲ್ಫಾ ಕಣ ನೈಟ್ರೋಜನ್‌ಗೆ ಬಡಿದರೆ ಪ್ರೋಟಾನ್ ಹೊರಬರುತ್ತದೆ ಎಂದು 1919ರಲ್ಲಿ ರದರ್‌ಫೋರ್ಡ್ ತೋರಿಸಿದ್ದರು. ಆದರೆ ಬಡಿದ ಆಲ್ಫಾ ಏನಾಯಿತು? ಪುಟಿದು ಹೋಯಿತಾ, ಒಳಗೇ ಸೇರಿಕೊಂಡಿತಾ? ಇದನ್ನು ನೋಡಲು ಅವರ ಶಿಷ್ಯ ಪ್ಯಾಟ್ರಿಕ್ ಬ್ಲ್ಯಾಕೆಟ್ ತಾನಾಗಿಯೇ ಫೋಟೊ ತೆಗೆಯುತ್ತಾ ಹೋಗುವ ಕ್ಲೌಡ್ ಚೇಂಬರ್ ಕಟ್ಟಿದರು. ಸುಮಾರು 23,000 ಫೋಟೊ, ಅವುಗಳಲ್ಲಿ 4 ಲಕ್ಷಕ್ಕೂ ಜಾಸ್ತಿ ಜಾಡು. ಆಲ್ಫಾ ಬಡಿದು ಪ್ರೋಟಾನ್ ಹೊರಟ, ಬೇಕಾಗಿದ್ದ ಕವಲು ಸಿಕ್ಕಿದ್ದು ಎಂಟರಲ್ಲಿ ಮಾತ್ರ! ಆಲ್ಫಾ ಪುಟಿದಿದ್ದರೆ ಡಿಕ್ಕಿಯಾದ ಜಾಗದಿಂದ ಮೂರು ಗೆರೆ ಹೊರಡಬೇಕಿತ್ತು. ಇದ್ದದ್ದು ಎರಡೇ. ಉದ್ದನೆಯ ತೆಳು ಗೆರೆ ಪ್ರೋಟಾನಿನದು, ಗಿಡ್ಡ ದಪ್ಪ ಗೆರೆ ಹೊಸ ನ್ಯೂಕ್ಲಿಯಸ್‌ನದು. ಅಂದರೆ ಆಲ್ಫಾ ಒಳಗೇ ಉಳಿದು, ನೈಟ್ರೋಜನ್ ಹೋಗಿ ಆಕ್ಸಿಜನ್-17 ಆಗಿತ್ತು. 1925ರಲ್ಲಿ ಇದು ಪ್ರಕಟವಾಯಿತು. ಇಷ್ಟು ತಾಳ್ಮೆಯ ಕೆಲಸವನ್ನು ಪಠ್ಯಪುಸ್ತಕ ಒಂದು ಸಮೀಕರಣದಲ್ಲಿ ಮುಗಿಸುವುದು ನನಗೆ ಬೇಸರ ತರುತ್ತದೆ.

ಕಾಲೇಜಿನಲ್ಲಿ ಖಂಡಿತ ನೋಡಬಹುದು. ಗಾಳಿಯನ್ನು ಹಿಗ್ಗಿಸುವ ಪಿಸ್ಟನ್ ಬೇಕಿಲ್ಲ, ಕೆಳಗಿನಿಂದ ತಣ್ಣಗಾಗಿಸಿದರೆ ಸಾಕು. ಪಾರದರ್ಶಕ ಡಬ್ಬಿಯ ಮೇಲ್ಭಾಗದಲ್ಲಿ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಬಟ್ಟೆ, ಕೆಳಗೆ ಕಪ್ಪು ಲೋಹದ ತಟ್ಟೆ, ಅದರಡಿಗೆ ಡ್ರೈ ಐಸ್ (ಗಟ್ಟಿಯಾದ ಕಾರ್ಬನ್ ಡೈಆಕ್ಸೈಡ್). ಮುಚ್ಚಳ ಭದ್ರವಾಗಿರಲಿ. ಕೋಣೆ ಕತ್ತಲು ಮಾಡಿ ಪಕ್ಕದಿಂದ ಟಾರ್ಚ್ ಬಿಡಿ. ಹತ್ತಿಪ್ಪತ್ತು ನಿಮಿಷ ಕಾಯಬೇಕಾಗಬಹುದು, ಆಮೇಲೆ ತಟ್ಟೆಗೆ ತೀರಾ ಹತ್ತಿರ ನೋಡಿ. ವಿಕಿರಣ ವಸ್ತು ಏನೂ ಬೇಡ, ಆಕಾಶದಿಂದ ಇಳಿಯುವ ಮ್ಯೂಆನ್ ಎಂಬ ಕಣಗಳ ಜಾಡೇ ಸಿಗುತ್ತದೆ. ಡ್ರೈ ಐಸ್ ಬರಿಗೈಯಲ್ಲಿ ಮುಟ್ಟಬೇಡಿ, ದಪ್ಪ ಕೈಗವಸು ಹಾಕಿ. ಗಾಳಿ ಆಡುವಂತಿರಲಿ, ಹತ್ತಿರ ಬೆಂಕಿ ಬೇಡ. ನಿಮ್ಮ ಲೆಕ್ಚರರ್ ಜೊತೆಗಿದ್ದಾಗಲೇ ಮಾಡಿ.