ಎಕ್ಸ್‌ಕ್ವಿಸಿಟ್ ಅಂದ್ರೆ ಬರೀ ಚೆಂದ ಅಲ್ಲ

ಬೇಲೂರಿನ ಗೈಡ್ ಮದನಿಕೆಯರನ್ನು 'ಎಕ್ಸ್‌ಕ್ವಿಸಿಟ್' ಅಂದರು, ಅದು ಬ್ಯೂಟಿಫುಲ್‌ಗೆ ಇನ್ನೊಂದು ಹೆಸರಾ ಅಂತ ಕೇಳಿದ್ದೀರಿ. ಪೂರ್ತಿ ಅಲ್ಲ ಸರ್. 'ಹುಡುಕಿ ಆರಿಸಿದ್ದು' ಅನ್ನೋ ಅರ್ಥದ ಲ್ಯಾಟಿನ್ ಪದದಿಂದ ಬಂದಿದ್ದು. ಹತ್ತಿರ ಹೋದಷ್ಟೂ ಸೂಕ್ಷ್ಮ ಕಾಣೋ ಚೆಲುವಿಗೆ ಹೇಳೋ ಮಾತು. ದರ್ಪಣಸುಂದರಿಯ ಬಳೆಗಳು, ಕನ್ನಡಿ ಹಿಡಿದ ಬೆರಳು, ತಲೆ ಮೇಲಿನ ಬಳ್ಳಿಚಪ್ಪರ ಇನ್ನೊಮ್ಮೆ ನೋಡಿ. ಬಳಪದ ಕಲ್ಲಲ್ಲಿ ಎಷ್ಟು ನವಿರು ಕೆಲಸ! ಗೈಡ್ ಸರಿಯಾದ ಪದಾನೇ ಹೇಳಿದ್ದಾರೆ. ನಾವು 'ನಾಜೂಕು', 'ಕುಸುರಿ' ಅಂತೀವಲ್ಲ, ಅದಕ್ಕೆ ಹತ್ತಿರ. 1,900 ಮೀಟರ್‌ಗೂ ಹೆಚ್ಚು ಎತ್ತರದ ಮುಳ್ಳಯ್ಯನಗಿರಿಗೆ ಈ ಪದ ಹೊಂದಲ್ಲ, ಅಲ್ಲಿ ಮ್ಯಾಗ್ನಿಫಿಸೆಂಟ್ ಅನ್ನಿ. ಒಳ್ಳೆ ಅಭಿರುಚಿ ಇರೋರಿಗೆ 'ಎಕ್ಸ್‌ಕ್ವಿಸಿಟ್ ಟೇಸ್ಟ್' ಅಂತಾರೆ. ಹಾಂ, ತಡೆಯಲಾರದ ನೋವಿಗೂ ಇದೇ ಪದ ಬಳಸ್ತಾರೆ: 'ಎಕ್ಸ್‌ಕ್ವಿಸಿಟ್ ಪೇನ್'. ಓದುವಾಗ ಸಿಕ್ಕರೆ ಗಾಬರಿಯಾಗಬೇಡಿ, ಅಲ್ಲಿ ಹೊಗಳಿಕೆ ಇಲ್ಲ, ತೀವ್ರತೆ ಮಾತ್ರ.